ಕೋಲಾರದ ವೈಂಡಿಂಗ್ ಅಂಗಡಿಯೂ ನಾಳೆಯ ರೇಸ್ ಕಾರೂ

ಭಾನುವಾರ ಬೆಳಗ್ಗೆ ಬೆಂಗಳೂರು ಬಿಟ್ಟ ವೇಗದ ಕಾರುಗಳು ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು ಎಂದು ಹೆದ್ದಾರಿ 75ರಲ್ಲಿ ಸಾಗುತ್ತವೆ. ಚೆನ್ನೈ ಎಕ್ಸ್‌ಪ್ರೆಸ್‌ವೇಯ ನಮ್ಮ ಭಾಗ ತೆರೆದ ಮೇಲೆ ಮಾಲೂರು, ಬಂಗಾರಪೇಟೆಯ ಕಡೆಗೂ ಒಂದಷ್ಟು ಹೋಗುತ್ತವೆ. ಯಾವುದಾದರೂ ಹೋಟೆಲಿನ ಮುಂದೆ ಅಂಥದೊಂದು ಕಾರು ನಿಂತಿತೆಂದರೆ ಊರಿನ ಹುಡುಗರು ಸುತ್ತ ಸೇರುತ್ತಾರೆ, ವಾದ ಶುರುವಾಗುತ್ತದೆ. ಪೆಟ್ರೋಲಿನ ಕಾಲ ಮುಗಿಯಿತೆ? ಮುಂದಿನದು ಬ್ಯಾಟರಿಯದೋ, ಹೈಬ್ರಿಡ್ಡಿನದೋ, ಹೈಡ್ರೋಜನ್ನಿನದೋ? 2025ರ ಜುಲೈನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಎಂ.ಜಿ. ಸೈಬರ್‌ಸ್ಟರ್ 3.2 ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ ಎಂದು ಒಬ್ಬ. ಎಂಜಿನ್ನಿನ ಸದ್ದೇ ಇಲ್ಲದ ಮೇಲೆ ಅದು ಎಂಥಾ ಸ್ಪೋರ್ಟ್ಸ್ ಕಾರು ಎಂದು ಇನ್ನೊಬ್ಬ.

ಇಂಧನದ ಈ ವಾದ ಇನ್ನೂ ಬಹುಕಾಲ ನಡೆಯುತ್ತದೆ. ಆದರೆ ಈ ಮೂರರಲ್ಲಿ ಯಾರ ಪಕ್ಷ ಗೆದ್ದರೂ ಕಾರಿನೊಳಗೆ ಒಂದು ವಸ್ತು ಇದ್ದೇ ಇರುತ್ತದೆ: ಕರೆಂಟಿನ ಮೋಟಾರು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2022ರಲ್ಲಿ ನಮ್ಮ ರಸ್ತೆಗಳ ಮೇಲೆ ಪರೀಕ್ಷೆಗೆ ಇಳಿಸಿದ ಮಿರಾಯ್ ಹೈಡ್ರೋಜನ್ ತುಂಬಿಸಿಕೊಂಡು ಓಡುವ ಕಾರು. ಅದು ಹೈಡ್ರೋಜನ್ನನ್ನು ಸುಡುವುದಿಲ್ಲ, ಅದರಿಂದ ಕರೆಂಟು ಮಾಡಿ ಆ ಕರೆಂಟಿನಿಂದ ಮೋಟಾರ್ ತಿರುಗಿಸುತ್ತದೆ. ಫೆರಾರಿಯ ಹೈಬ್ರಿಡ್ ಕಾರಾದ ಎಸ್ಎಫ್90 ಸ್ಟ್ರಡಾಲೆಯಲ್ಲಿ ವಿ8 ಎಂಜಿನ್ನಿನ ಜೊತೆಗೆ ಮೂರು ಮೋಟಾರುಗಳಿವೆ. ಬ್ಯಾಟರಿ ಕಾರಿನ ಮಾತು ಹೇಳುವುದೇ ಬೇಡ. ಮೋಟಾರೆಂದರೆ ಉಕ್ಕಿನ ತಗಡುಗಳ ಕಟ್ಟಿನಲ್ಲಿ ಕೂರಿಸಿದ ತಾಮ್ರ. ಆ ತಾಮ್ರವನ್ನು ಎಷ್ಟು ಒತ್ತಾಗಿ, ಎಷ್ಟು ಜಾಣತನದಿಂದ ಕೂರಿಸಿದ್ದಾರೆ ಎನ್ನುವುದರ ಮೇಲೆ ಕಾರಿನ ಅರ್ಧ ಹಣೆಬರಹ ನಿಂತಿದೆ. ತಾಮ್ರ ಕೂರಿಸುವ ಈ ಕೆಲಸವನ್ನು ಕೈಯಿಂದಲೇ ಮಾಡಬಲ್ಲವರು ಆ ಹೋಟೆಲಿನಿಂದ ಕೂಗಳತೆಯಲ್ಲಿ ಇರುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಪಟ್ಟಣಗಳಲ್ಲೂ ಮೋಟಾರ್ ರಿವೈಂಡಿಂಗ್ ಅಂಗಡಿಗಳಿವೆ. ಸ್ಪೋರ್ಟ್ಸ್ ಕಾರಿನ ನಾಳೆ ಏನೆಂದು ಕೇಳುವವರಿಗೆ ನಾನು ತೋರಿಸುವ ಮೊದಲ ಜಾಗ ಆ ಅಂಗಡಿಯೇ.

ಈ ಅಂಗಡಿಗಳು ಇಲ್ಲಿ ಹುಟ್ಟಿಕೊಂಡದ್ದಕ್ಕೆ ಕಾರಣ ನೆಲದಲ್ಲೇ ಇದೆ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿಲ್ಲ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ರೇಷ್ಮೆ, ಹಾಲು, ಎಲ್ಲವೂ ಕೆರೆಯನ್ನು ನಂಬಿ, ಕೆರೆ ಬತ್ತಿದ ಮೇಲೆ ಬೋರ್‌ವೆಲ್ಲನ್ನು ನಂಬಿ ಬೆಳೆದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರತೊಡಗಿ ಕೆಲವು ಕಡೆ ಅಂತರ್ಜಲ ಮೇಲೆದ್ದಿದೆ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಸಾವಿರ, ಸಾವಿರದ ಐನೂರು ಅಡಿ ಕೊರೆಸಿದವರು ಪ್ರತಿ ಊರಿನಲ್ಲೂ ಇದ್ದಾರೆ. ಅಷ್ಟು ಆಳದಿಂದ ನೀರೆತ್ತುವ ಮೋಟಾರು ಆರೂವರೆ ಇಂಚಿನ ಕೊಳವೆಯೊಳಗೆ, ಯಾರ ಕಣ್ಣಿಗೂ ಬೀಳದೆ, ನೀರಿನಲ್ಲಿ ಮುಳುಗಿ ಕೆಲಸ ಮಾಡಬೇಕು. ಅದು ಸುಟ್ಟರೆ ಬೆಳೆಗೆ ಉಳಿಯುವ ಗಡುವು ಕೆಲವೇ ದಿನ.

ಸುಟ್ಟ ಮೋಟಾರು ಅಂಗಡಿಗೆ ಬಂದಾಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ಅಣ್ಣಾ, ರಾತ್ರಿ ಕರೆಂಟು ಬಂದಾಗ ಆನ್ ಮಾಡ್ದೆ. ಬರೀ ಗುಂಯ್ ಅಂತಿತ್ತು, ನೀರು ಬರ್ಲಿಲ್ಲ."

"ಗುಂಯ್ ಅಂದಾಗ್ಲೇ ಆಫ್ ಮಾಡ್ಬೇಕಿತ್ತು ಗೌಡ್ರೆ. ಒಂದು ಫೇಸ್ ಹೋಗೈತೆ. ಫೇಸ್ ಹೋದ್ರೆ ಆಫ್ ಮಾಡೋ ಪ್ರಿವೆಂಟರ್ ಪ್ಯಾನೆಲ್ಲಿನಾಗೆ ಇಲ್ವಾ?"

"ಇತ್ತು. ಎರಡು ಫೇಸಿನಾಗೇ ಓಡ್ಸೋಕೆ ಕಂಡೆನ್ಸರ್ ಹಾಕ್ಸಿದಾಗ ಬಿಚ್ಚಿಸ್ಬುಟ್ಟೆ."

ವೈಂಡರ್ ಮೋಟಾರಿನ ಮುಚ್ಚಳ ತೆಗೆದು ಮೊದಲು ನೋಡುವುದು ತಾಮ್ರದ ಬಣ್ಣವನ್ನು. ಆ ಬಣ್ಣದಲ್ಲಿ ಮೋಟಾರು ಸತ್ತ ಕಥೆ ಪೂರ್ತಿ ಇರುತ್ತದೆ. ಸ್ಟಾರ್ ಕನೆಕ್ಷನ್ನಿನ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲುಗಳು ಕಪ್ಪಾಗಿ ಒಂದು ಫೇಸಿನದು ಕೆಂಪಗೇ ಉಳಿದಿದ್ದರೆ, ಲೈನಿನಲ್ಲಿ ಒಂದು ಫೇಸು ಇರಲಿಲ್ಲ. ಡೆಲ್ಟಾ ಕನೆಕ್ಷನ್ ಆಗಿದ್ದರೆ ಇದು ತಿರುಗುಮುರುಗು: ಒಂದು ಫೇಸು ಸುಟ್ಟಿರುತ್ತದೆ, ಎರಡು ಉಳಿದಿರುತ್ತವೆ. ಮೂರೂ ಸಮನಾಗಿ ಕರಕಲಾಗಿದ್ದರೆ ವೋಲ್ಟೇಜ್ ಬಿದ್ದಿತ್ತು, ಇಲ್ಲವೆ ಹೊರೆ ಹೆಚ್ಚಾಗಿತ್ತು. ಒಂದೇ ಸ್ಲಾಟಿನಲ್ಲಿ ಒಂದು ಚುಕ್ಕೆಯಷ್ಟು ಸುಟ್ಟಿದ್ದರೆ ವೈರಿನ ಹೊದಿಕೆ ಎಲ್ಲೋ ಗೀರಿಕೊಂಡಿತ್ತು. ಯಾವ ಮೀಟರಿಗೂ ಕೈ ಹಾಕುವ ಮುಂಚೆಯೇ ಇಷ್ಟು ಓದಿ ಮುಗಿಸುವ ಕಣ್ಣನ್ನು ಕಂಡರೆ ನನಗೆ ಇಂದಿಗೂ ಬೆರಗು.

ಆಮೇಲೆ ಕೈಕೆಲಸ. ಬೋರ್‌ವೆಲ್ ಮೋಟಾರಿನ ಸ್ಟೇಟರ್, ಎಂದರೆ ತಿರುಗದ ಹೊರಭಾಗ, ಆರಿಂಚಿಗಿಂತ ಕಡಿಮೆ ದಪ್ಪದ ಉದ್ದನೆಯ ಕೊಳವೆ. ಅದರ ಒಳಮೈಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸ್ಲಾಟುಗಳು. 24 ಸ್ಲಾಟಿದ್ದರೆ ಮೂರು ಫೇಸಿಗೆ ತಲಾ ಎಂಟು. ಹಿಟ್ಟಿನ ಗಿರಣಿಯ ಮೋಟಾರಿನಂತೆ ಮೊದಲೇ ಮರದ ಅಚ್ಚಿನ ಮೇಲೆ ಸುತ್ತಿಟ್ಟ ಕಾಯಿಲನ್ನು ತಂದು ಇದರಲ್ಲಿ ಇಳಿಸಲಾಗದು. ಇಬ್ಬರು ಎರಡು ತುದಿಯಲ್ಲಿ ಕೂತು ಒಂದೇ ವೈರನ್ನು ಅತ್ತಿಂದಿತ್ತ, ಇತ್ತಿಂದತ್ತ ತೂರಿಸಿ ಎಳೆಯಬೇಕು. ಸುತ್ತಿನ ಲೆಕ್ಕ ಬಾಯಲ್ಲಿ ನಡೆಯುತ್ತಿರುತ್ತದೆ. ಒಂದು ಸುತ್ತು ತಪ್ಪಿದರೆ ಫೇಸುಗಳ ನಡುವಿನ ಸಮತೋಲ ತಪ್ಪುತ್ತದೆ. ಒಂದು ಕಡೆ ಜೋರಾಗಿ ಎಳೆದರೆ ಪ್ಲಾಸ್ಟಿಕ್ ಹೊದಿಕೆ ಉಕ್ಕಿನ ಅಂಚಿಗೆ ತಾಗಿ ಗೀರುತ್ತದೆ. ಈ ವೈರು ಮಾಮೂಲಿ ಎನಾಮಲ್ ವೈರಲ್ಲ, ನೀರಿನಲ್ಲಿ ನೇರವಾಗಿ ಮುಳುಗಿರುವಂಥದು. ಏಕೆಂದರೆ ಈ ಮೋಟಾರಿನ ಒಳಗೂ ನೀರು ತುಂಬಿರುತ್ತದೆ. ಬೇರಿಂಗುಗಳಿಗೆ ಜಾರಿಕೆ ಕೊಡುವುದೂ ತಾಮ್ರದ ಕಾವು ಹೊರಗೆ ಒಯ್ಯುವುದೂ ಆ ನೀರೇ. ಆದ್ದರಿಂದ ವೈಂಡಿಂಗ್ ಮುಗಿದ ಮೇಲೆ ಸ್ಟೇಟರನ್ನು ನೀರಿನಲ್ಲಿ ಮುಳುಗಿಸಿಟ್ಟು, ಹೊದಿಕೆಯಿಂದ ಕರೆಂಟು ಸೋರುವುದೇ ಎಂದು ಅಳೆಯುವ ಮೆಗ್ಗರ್ ಹಿಡಿದು ನೋಡುತ್ತಾರೆ. ಒಣಗಿದ್ದಾಗ ಸರಿಯೆನಿಸಿದ ಕೆಲಸ ನೀರಿನಲ್ಲಿ ಬಣ್ಣ ಬಯಲು ಮಾಡುತ್ತದೆ.

ಇನ್ನು ಈ ಮೋಟಾರು ತಿರುಗುವ ಬಗೆ. ಮೂರು ಫೇಸಿನ ಕರೆಂಟು ಒಂದರ ಹಿಂದೆ ಒಂದು ಏರಿ ಇಳಿಯುತ್ತದೆ. ಸ್ಟೇಟರಿನಲ್ಲಿ ಮೂರು ಗುಂಪಿನ ಕಾಯಿಲುಗಳನ್ನು ಸುತ್ತಲೂ ಸಮದೂರದಲ್ಲಿ ಕೂರಿಸಿರುವುದರಿಂದ ಆಯಸ್ಕಾಂತದ ಬಲ ಆ ಕೊಳವೆಯೊಳಗೆ ಸುತ್ತತೊಡಗುತ್ತದೆ. ತಾಮ್ರ ಅಲ್ಲಾಡುವುದಿಲ್ಲ, ಉಕ್ಕು ಅಲ್ಲಾಡುವುದಿಲ್ಲ, ಬಲ ಮಾತ್ರ ಸುತ್ತುತ್ತದೆ. ಒಳಗಿನ ರೋಟರಿನಲ್ಲಿ ತಾಮ್ರದ ಸರಳುಗಳಿವೆ, ಎರಡು ತುದಿಯಲ್ಲೂ ಬಳೆ ಹಾಕಿ ಬೆಸೆದದ್ದು. ಸುತ್ತುವ ಬಲ ಆ ಸರಳುಗಳನ್ನು ದಾಟಿದಾಗ ಅವುಗಳಲ್ಲಿ ತಾನಾಗಿ ಕರೆಂಟು ಹುಟ್ಟಿ, ರೋಟರ್ ಬಲದ ಬೆನ್ನು ಹತ್ತುತ್ತದೆ. ಪೂರ್ತಿ ಹಿಡಿಯಲು ಮಾತ್ರ ಅದಕ್ಕೆ ಎಂದೂ ಆಗುವುದಿಲ್ಲ. ಹಿಡಿದುಬಿಟ್ಟರೆ ಸರಳುಗಳಲ್ಲಿ ಕರೆಂಟು ಹುಟ್ಟುವುದೇ ನಿಂತುಹೋಗುತ್ತದೆ. ಹಾಗಾಗಿ ಎರಡು ಪೋಲಿನ ಮೋಟಾರಿನಲ್ಲಿ 50 ಸೈಕಲ್ಲಿನ, ಎಂದರೆ ಸೆಕೆಂಡಿಗೆ 50 ಸಲ ಏರಿಳಿಯುವ, ಕರೆಂಟಿಗೆ ಬಲ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ರೋಟರ್ 2,850ರ ಆಸುಪಾಸಿನಲ್ಲಿ ಓಡುತ್ತದೆ. ರೋಟರಿಗೆ ವೈರಿಲ್ಲ, ಬ್ರಷ್ ಇಲ್ಲ, ಕಿಡಿ ಹಾರುವ ಜಾಗವೇ ಇಲ್ಲ. ಸಾವಿರ ಅಡಿ ಕೆಳಗೆ ವರ್ಷಗಟ್ಟಲೆ ಯಾರೂ ಮುಟ್ಟದೆ ಇದು ಬಾಳುವುದು ಹೀಗೆ. ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ಇಂಡಕ್ಷನ್ ಮೋಟಾರಿನ ತತ್ವ ಇದು. ಮರುವರ್ಷವೇ ಜರ್ಮನಿಯ ಎಇಜಿ ಕಂಪನಿಯಲ್ಲಿ ದೊಲಿವೊ-ದೊಬ್ರೊವೊಲ್ಸ್ಕಿ ಅದನ್ನು ಮೂರು ಫೇಸಿನ, ಸರಳುಗಳ ರೋಟರಿನ ಯಂತ್ರವಾಗಿ ಕಟ್ಟಿದ.

ಆ ಹೊಸ ಬಗೆಯ ಕರೆಂಟು ಈ ಜಿಲ್ಲೆಗೆ ಎಷ್ಟು ಬೇಗ ಬಂತೆಂದರೆ, ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ, ಗಣಿಯ ನಂತರ. 2001ರಲ್ಲಿ ಗಣಿ ಮುಚ್ಚಿತು. ಕರೆಂಟಿನ ಯಂತ್ರಗಳ ಜೊತೆ ಬದುಕುವ ರೂಢಿ ಮಾತ್ರ ಈ ಸೀಮೆಯನ್ನು ಬಿಟ್ಟುಹೋಗಲಿಲ್ಲ.

ಈಗ ಕಾರಿಗೆ ಬರೋಣ. 2008ರಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ರೋಡ್‌ಸ್ಟರ್, ಬ್ಯಾಟರಿ ಕಾರೆಂದರೆ ಗಾಲ್ಫ್ ಮೈದಾನದ ಗಾಡಿ ಎಂಬ ತಾತ್ಸಾರವನ್ನು ಮುರಿದ ಸ್ಪೋರ್ಟ್ಸ್ ಕಾರು. ಅದರ ಎದೆಯಲ್ಲಿದ್ದದ್ದು ಮೂರು ಫೇಸಿನ ಇಂಡಕ್ಷನ್ ಮೋಟಾರು: ಸುಮಾರು 250 ಕುದುರೆ ಬಲ, ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡಿನ ಆಸುಪಾಸು. ಶ್ರೀನಿವಾಸಪುರದ ಮಾವಿನ ತೋಟದ ಬೋರಿನಲ್ಲಿರುವುದೂ ಅದೇ ಜಾತಿಯ ಮೋಟಾರು. ಬೆಂಗಳೂರಿನಲ್ಲಿ ಚೇತನ್ ಮೈನಿ 2001ರಲ್ಲಿ ಹೊರತಂದ ರೇವಾ ಕಾರು ಮೊದಲು ಡಿ.ಸಿ. ಮೋಟಾರಿನಿಂದ ಓಡುತ್ತಿತ್ತು. ಮುಂದಿನ ರೇವಾ-ಐ ಮಾದರಿಯಲ್ಲಿ ಅವರೂ ಎ.ಸಿ. ಇಂಡಕ್ಷನ್ನಿಗೆ ಬಂದರು.

ಹಾಗಾದರೆ ಹತ್ತು ಎಚ್.ಪಿ.ಯ ಬೋರ್ ಮೋಟಾರಿಗೂ ಇನ್ನೂರೈವತ್ತರ ಕಾರ್ ಮೋಟಾರಿಗೂ ವ್ಯತ್ಯಾಸ ಎಲ್ಲಿದೆ? ಮೊದಲನೆಯದು ಕರೆಂಟಿನ ಸೈಕಲ್ಲಿನಲ್ಲಿ. ಬೆಸ್ಕಾಂ ಕೊಡುವುದು 50 ಸೈಕಲ್, ಮೋಟಾರು ಅದೇ ವೇಗದಲ್ಲಿ ಓಡಬೇಕು. ಕಾರಿನ ಬ್ಯಾಟರಿ ಕೊಡುವುದು ಡಿ.ಸಿ. ಇನ್ವರ್ಟರ್ ಎಂಬ ಪೆಟ್ಟಿಗೆಯಲ್ಲಿ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಅದರಿಂದ ಮೂರು ಫೇಸನ್ನು ತಯಾರಿಸುತ್ತವೆ. ಎಷ್ಟು ಸೈಕಲ್ ಬೇಕೋ ಅಷ್ಟು. ನಾಲ್ಕು ಪೋಲಿನ ಮೋಟಾರಿಗೆ 500 ಸೈಕಲ್ ಕೊಟ್ಟರೆ ಬಲ ನಿಮಿಷಕ್ಕೆ 15,000 ಸುತ್ತು ಸುತ್ತುತ್ತದೆ. ಎಳೆತ ಅಷ್ಟೇ ಇದ್ದು ವೇಗ ಐದು ಪಟ್ಟಾದರೆ ಶಕ್ತಿಯೂ ಐದು ಪಟ್ಟು. ಇದನ್ನು ನಂಬಲು ರೇಸ್ ಟ್ರ್ಯಾಕಿಗೇ ಹೋಗಬೇಕಿಲ್ಲ. ಸೋಲಾರ್ ಪಂಪ್ ಹಾಕಿಸಿದ ಯಾವುದೇ ಹೊಲಕ್ಕೆ ಹೋಗಿ, ಬಿಸಿಲು ಏರಿದಂತೆ ನೀರಿನ ರಭಸ ಏರುವುದನ್ನು ನೋಡಿ. ಪ್ಯಾನೆಲ್ಲಿನ ಡಿ.ಸಿ.ಯನ್ನು ಬೇಕಾದ ಸೈಕಲ್ಲಿಗೆ ತಿರುಗಿಸುವ ಆ ಕಂಟ್ರೋಲರ್ ಕಾರಿನ ಇನ್ವರ್ಟರಿನ ದಾಯಾದಿ. ನಿಂತಲ್ಲಿಂದ ಹೊರಡುವಾಗ ಬ್ಯಾಟರಿ ಕಾರು ಬೆನ್ನನ್ನು ಸೀಟಿಗೆ ಒತ್ತುವುದರ ಗುಟ್ಟೂ ಇಲ್ಲಿದೆ. ಸೊನ್ನೆ ವೇಗದಲ್ಲೇ ಬೇಕಾದ ಸೈಕಲ್, ಬೇಕಾದ ಕರೆಂಟು ಕೊಟ್ಟು ಪೂರ್ತಿ ಎಳೆತವನ್ನು ಇನ್ವರ್ಟರ್ ಹುಟ್ಟಿಸುತ್ತದೆ. ಎಂಜಿನ್ ಬಲ ಕೂಡಿಸಿಕೊಳ್ಳಲು ಮೊದಲು ಸುತ್ತು ಏರಬೇಕು.

ಎರಡನೆಯ ವ್ಯತ್ಯಾಸ ತಾಮ್ರ ಕೂರಿಸುವುದರಲ್ಲಿ, ವೈಂಡರುಗಳಿಗೆ ತೀರಾ ಹತ್ತಿರದ ವಿಷಯ. ದುಂಡನೆಯ ವೈರನ್ನು ಸ್ಲಾಟಿನಲ್ಲಿ ಎಷ್ಟೇ ಒತ್ತಿ ತುಂಬಿದರೂ ಸಂದುಗಳು ಉಳಿಯುತ್ತವೆ. ಪೋರ್ಷೆ 2019ರಲ್ಲಿ ತಂದ ಟೈಕಾನ್ ಕಾರಿನ ಮೋಟಾರಿಗೆ ದುಂಡು ವೈರಿನ ಬದಲು ಆಯತಾಕಾರದ ತಾಮ್ರದ ಪಟ್ಟಿಗಳನ್ನು ಹೇರ್‌ಪಿನ್ನಿನ ಆಕಾರಕ್ಕೆ ಬಗ್ಗಿಸಿ, ಒಂದು ಕಡೆಯಿಂದ ಸ್ಲಾಟಿಗೆ ತೂರಿಸಿ, ಇನ್ನೊಂದು ಕಡೆ ಹೊರಬಂದ ಕಾಲುಗಳನ್ನು ತಿರುಚಿ ಲೇಸರಿನಿಂದ ಬೆಸೆಯುತ್ತಾರೆ. ಹಳೆಯ ಬಗೆಯಲ್ಲಿ ಸ್ಲಾಟಿನ ಜಾಗದ ಶೇ. 45ರಷ್ಟು ತಾಮ್ರ ಕೂರುತ್ತಿದ್ದರೆ ಇದರಲ್ಲಿ ಸುಮಾರು ಶೇ. 70 ಕೂರುತ್ತದೆ ಎಂದು ಪೋರ್ಷೆ ಹೇಳುತ್ತದೆ. ಅದೇ ಅಳತೆಯ ಉಕ್ಕಿನಲ್ಲಿ ಹೆಚ್ಚು ತಾಮ್ರವಿದ್ದರೆ ಅದೇ ಕರೆಂಟಿಗೆ ಕಾವು ಕಡಿಮೆ. ಕಾವು ಕಡಿಮೆಯಾದರೆ ಟ್ರ್ಯಾಕಿನ ಮೇಲೆ ಮತ್ತೆ ಮತ್ತೆ ಪೂರ್ತಿ ಬಲ ಕೇಳಬಹುದು. ಇದರಲ್ಲೊಂದು ತೊಡಕೂ ಇದೆ. ಸೈಕಲ್ ಏರಿದಂತೆ ಕರೆಂಟು ತಾಮ್ರದ ಪೂರ್ತಿ ದಪ್ಪದಲ್ಲಿ ಹರಿಯದೆ ಅಂಚಿಗೆ ಸರಿಯುತ್ತದೆ. ದಪ್ಪ ಪಟ್ಟಿಯಲ್ಲಿ ಈ ನಷ್ಟ ಹೆಚ್ಚು. ಆದ್ದರಿಂದ ಒಂದೇ ಸ್ಲಾಟಿನಲ್ಲಿ ಪಟ್ಟಿಗಳನ್ನು ತೆಳುವಾಗಿಸಿ ಪದರ ಹೆಚ್ಚಿಸುತ್ತಾರೆ. ಯಾವ ಗೇಜು, ಎಷ್ಟು ಸುತ್ತು ಎಂದು ನಮ್ಮ ವೈಂಡರ್ ಹಾಕುವ ಲೆಕ್ಕದ ಮುಂದುವರಿಕೆ ಇದು.

ಆಕಾರದ ಲೆಕ್ಕವೂ ಇದೆ. ನನಗೆ ಎಲ್ಲಕ್ಕಿಂತ ಚೆಲುವಾಗಿ ಕಂಡದ್ದು ಇದೇ. ಮಾಮೂಲಿ ಮೋಟಾರಿನ ಎಳೆತ ರೋಟರಿನ ವ್ಯಾಸದ ವರ್ಗಕ್ಕೂ ಉದ್ದಕ್ಕೂ ತಕ್ಕಂತೆ ಇರುತ್ತದೆ. ದಪ್ಪ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು, ಉದ್ದ ಇಮ್ಮಡಿಯಾದರೆ ಎರಡೇ ಪಟ್ಟು. ಜಾಣರು ದಪ್ಪವನ್ನೇ ಹೆಚ್ಚಿಸಬೇಕು. ಆದರೆ ಕೋಲಾರದ ಮೋಟಾರಿಗೆ ಆ ಅವಕಾಶ ಇಲ್ಲ, ಕೊರೆದ ತೂತು ಆರೂವರೆ ಇಂಚು. ಹೆಚ್ಚು ಎಚ್.ಪಿ. ಬೇಕೆಂದರೆ ಉದ್ದವಾಗಬೇಕಷ್ಟೇ. ಹಾಗಾಗಿ ನಮ್ಮ ಮೋಟಾರುಗಳು ಅಷ್ಟು ನೀಳ. ಮುಂಬರುವ ಸ್ಪೋರ್ಟ್ಸ್ ಕಾರುಗಳದು ಇದರ ನೇರ ವಿರುದ್ಧ ತುದಿ. ಆಕ್ಸಿಯಲ್ ಫ್ಲಕ್ಸ್ ಎಂಬ ಮೋಟಾರಿನಲ್ಲಿ ರೋಟರ್ ಸ್ಟೇಟರಿನ ಒಳಗಿರುವುದಿಲ್ಲ. ಬೀಸುಕಲ್ಲಿನ ಎರಡು ಬಿಲ್ಲೆಗಳ ಹಾಗೆ ಎರಡೂ ಎದುರುಬದುರು ಕೂತು, ನಡುವಿನ ತೆಳು ಸಂದಿನಲ್ಲಿ ಆಯಸ್ಕಾಂತದ ಬಲ ಆಡುತ್ತದೆ. ಅಗಲ ಬಹಳ, ಉದ್ದ ಕೆಲವೇ ಬೆರಳು. ಇದರಲ್ಲಿ ಎಳೆತ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ 2009ರಲ್ಲಿ ಹೊರಟ ಯಾಸಾ ಕಂಪನಿ ಇದನ್ನು ಪಳಗಿಸಿತು. ಎಸ್ಎಫ್90ಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಇಕ್ಕಟ್ಟಿನಲ್ಲಿ ಕೂತಿರುವುದು ಯಾಸಾ ಮೋಟಾರು. ಲ್ಯಾಂಬೋರ್ಗಿನಿ ರೆವುಯೆಲ್ಟೋದ ಮುಂದಿನ ಚಕ್ರಗಳನ್ನು ನಡೆಸುವ ಎರಡು ಮೋಟಾರುಗಳೂ ಆಕ್ಸಿಯಲ್ ಫ್ಲಕ್ಸ್ ಜಾತಿಯವೇ. 2021ರಲ್ಲಿ ಮರ್ಸಿಡಿಸ್-ಬೆಂಜ್ ಯಾಸಾ ಕಂಪನಿಯನ್ನೇ ಕೊಂಡಿತು. 2025ರಲ್ಲಿ ಯಾಸಾ ಪ್ರಯೋಗಕ್ಕೆಂದು ಕಟ್ಟಿದ ಒಂದು ಮೋಟಾರು 12.7 ಕಿಲೋ ತೂಗಿ, ಅಲ್ಪ ಹೊತ್ತಿನ ಮಟ್ಟಿಗೆ 750 ಕಿಲೋವಾಟ್, ಎಂದರೆ ಸಾವಿರ ಎಚ್.ಪಿ., ಕೊಟ್ಟಿತೆಂದು ಪ್ರಕಟಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಇಂಥ ಮೂರು ಬಿಲ್ಲೆ ಮೋಟಾರುಗಳಿದ್ದ ಮರ್ಸಿಡಿಸ್-ಎಎಂಜಿಯ ಜಿಟಿ ಎಕ್ಸ್ಎಕ್ಸ್ ಎಂಬ ಪ್ರಯೋಗದ ಕಾರು ಇಟಲಿಯ ನಾರ್ಡೋ ಟ್ರ್ಯಾಕಿನಲ್ಲಿ ಭೂಮಿಯ ಸುತ್ತಳತೆಯಷ್ಟು ದೂರವನ್ನು, 40,075 ಕಿಲೋಮೀಟರನ್ನು, ಎಂಟು ದಿನ ತುಂಬುವುದರೊಳಗೆ ಓಡಿ ಮುಗಿಸಿತು.

ಇಂಥ ಮೋಟಾರಿನ ಕಾವು ತೆಗೆಯುವ ಉಪಾಯ ಕೇಳಿದರೆ ಮುಳಬಾಗಿಲಿನ ವೈಂಡರ್ ತಲೆದೂಗುತ್ತಾನೆ. ಎಣ್ಣೆಯನ್ನು ನೇರ ತಾಮ್ರದ ಮೇಲೆಯೇ ಹರಿಸುತ್ತಾರೆ. ಹೊರಗಿನ ಕವಚ ತಂಪು ಮಾಡಿದರೆ ಸಾಲದು, ಕಾವು ಹುಟ್ಟುವ ಜಾಗಕ್ಕೇ ತಂಪು ಮುಟ್ಟಬೇಕು ಎಂಬ ಈ ತಿಳಿವಳಿಕೆ ನೀರು ತುಂಬಿದ ಬೋರ್ ಮೋಟಾರಿನಲ್ಲಿ ದಶಕಗಳಿಂದ ಇದೆ.

ಫೆರಾರಿ 2025ರ ಅಕ್ಟೋಬರ್‌ನಲ್ಲಿ ತನ್ನ ಮೊದಲ ಪೂರ್ಣ ಎಲೆಕ್ಟ್ರಿಕ್ ಕಾರಿನ ಯಂತ್ರಭಾಗಗಳನ್ನು ತೋರಿಸಿದಾಗ ಅದರಲ್ಲಿ ನಾಲ್ಕು ಮೋಟಾರುಗಳಿದ್ದವು. ಮುಂದಿನವು ನಿಮಿಷಕ್ಕೆ 30,000 ಸುತ್ತಿನವರೆಗೆ ಓಡಬಲ್ಲವು. ಆ ವೇಗದಲ್ಲಿ ರೋಟರಿನ ಆಯಸ್ಕಾಂತಗಳು ಹೊರಕ್ಕೆ ಸಿಡಿಯದಂತೆ ಕಾರ್ಬನ್ ನಾರಿನ ಪಟ್ಟಿಯಿಂದ ಬಿಗಿದಿರುತ್ತಾರೆ. ಈ ಆಯಸ್ಕಾಂತವೇ ಈಗಿನ ದೊಡ್ಡ ಚಿಂತೆ. ಬೋರ್ ಮೋಟಾರಿನ ರೋಟರಿನಲ್ಲಿ ಬರೀ ತಾಮ್ರ, ಉಕ್ಕು. ಇಂದಿನ ಹೆಚ್ಚಿನ ಬ್ಯಾಟರಿ ವಾಹನಗಳ ರೋಟರಿನಲ್ಲಿ ನಿಯೋಡಿಮಿಯಂ ಆಯಸ್ಕಾಂತಗಳಿವೆ. ನಮ್ಮ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ ತಯಾರಾದ ಆಕ್ಟಿವಾ ಇ: ಸ್ಕೂಟರಿನ ಆರು ಕಿಲೋವಾಟಿನ ಮೋಟಾರೂ ಆಯಸ್ಕಾಂತದ್ದೇ. ಅವು ಹಗುರ, ದಕ್ಷ. ಆದರೆ ಆ ಲೋಹಗಳು ಬಹುಪಾಲು ಚೀನಾದ ಕೈಯಲ್ಲಿವೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಬಿಗಿ ಹಾಕಿದಾಗ ನಮ್ಮ ವಾಹನ ತಯಾರಕರು ಪರದಾಡಿದರು. ಆಯಸ್ಕಾಂತವಿಲ್ಲದ ದಾರಿಗಳತ್ತ ಈಗ ಎಲ್ಲರ ಕಣ್ಣು. ಬಿಎಂಡಬ್ಲ್ಯು ರೋಟರಿಗೂ ತಾಮ್ರ ಸುತ್ತಿ ಕರೆಂಟು ಕೊಡುತ್ತದೆ. ಬೆಂಗಳೂರಿನ ಚಾರಾ ಟೆಕ್ನಾಲಜೀಸ್ ಉಕ್ಕಿನ ತಗಡಿನ ಆಕಾರದಿಂದಲೇ ಎಳೆತ ಪಡೆಯುವ ರಿಲಕ್ಟೆನ್ಸ್ ಮೋಟಾರು ಕಟ್ಟುತ್ತಿದೆ. ನಮ್ಮ ಹಳೆಯ ಇಂಡಕ್ಷನ್ನೂ ಮೂಲೆಗೆ ಬಿದ್ದಿಲ್ಲ. ಎರಡು ಮೋಟಾರಿನ ಟೆಸ್ಲಾ ಮಾಡೆಲ್ 3ರಲ್ಲಿ ಹಿಂದೆ ಆಯಸ್ಕಾಂತದ್ದು, ಮುಂದೆ ಇಂಡಕ್ಷನ್ನಿನದು. ಬೇಡವಾದಾಗ ಕರೆಂಟು ತೆಗೆದರೆ ಇಂಡಕ್ಷನ್ ರೋಟರ್ ಆಯಸ್ಕಾಂತದ ಯಾವ ತಡೆಯೂ ಇಲ್ಲದೆ ಸುಮ್ಮನೆ ಉರುಳುತ್ತದೆ. ಆಯಸ್ಕಾಂತದ ರೋಟರ್ ಆಗಲೂ ಸ್ವಲ್ಪ ತಡೆ ಒಡ್ಡುತ್ತದೆ.

ಈ ಎಲ್ಲವನ್ನೂ ಅಂಗಡಿಯಲ್ಲಿ ಕೂತು ಮಾತಾಡುವಾಗ ವೈಂಡರ್ ಕೇಳುವ ಪ್ರಶ್ನೆ ಕಾರು ಪ್ರಿಯರು ಕೇಳುವುದಕ್ಕಿಂತ ಬೇರೆಯದು. ಟಾಪ್ ಸ್ಪೀಡು ಎಷ್ಟು ಎಂದು ಆತ ಕೇಳುವುದಿಲ್ಲ. "ಬಿಚ್ಚಬೋದಾ?" ಎನ್ನುತ್ತಾನೆ. ಬೋರ್‌ವೆಲ್ ಮೋಟಾರನ್ನು ಬಿಚ್ಚಿ ಮತ್ತೆ ಕಟ್ಟಲೆಂದೇ ರೂಪಿಸಿದ್ದಾರೆ. ಹಳೆಯ ತಾಮ್ರವನ್ನು ತೂಕಕ್ಕೆ ಹಾಕಿ, ಹೊಸ ವೈರು ಕೊಂಡು, ಅದೇ ಉಕ್ಕಿನೊಳಗೆ ಮತ್ತೆ ಮತ್ತೆ ಜೀವ ತುಂಬಬಹುದು. ಹೇರ್‌ಪಿನ್ ಸ್ಟೇಟರಿನಲ್ಲಿ ನೂರಾರು ಲೇಸರ್ ಬೆಸುಗೆಗಳು, ಮೇಲೆ ಗಟ್ಟಿ ರೆಸಿನ್ನು. ಒಂದು ಪಟ್ಟಿ ಕೆಟ್ಟರೆ ಇಡೀ ಸ್ಟೇಟರ್ ಬದಲಾಯಿಸುವುದೇ ಈಗಿನ ಪದ್ಧತಿ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಿನ್ಯಾಸಕಾರರು. ಅವರು ಮನಸ್ಸು ಮಾಡಿದರೆ ಆಗುವಂಥದು ಬಹಳವಿದೆ: ಬೋಲ್ಟು ಬಿಚ್ಚಿ ಬೇರೆ ಮಾಡಬಹುದಾದ ಸ್ಟೇಟರ್ ಭಾಗಗಳು, ಕಾಯಿಸಿದರೆ ಸಡಿಲವಾಗುವ ರೆಸಿನ್ನು, ಗೇಜು ಮತ್ತು ಸುತ್ತಿನ ಲೆಕ್ಕವನ್ನು ಮುಚ್ಚಿಡದೆ ಕವಚದ ಮೇಲೆಯೇ ಕೊರೆದಿಡುವುದು. ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಐ.ಟಿ.ಐ.ಯ ವೈಂಡಿಂಗ್ ಪಾಠಕ್ಕೆ ಇನ್ವರ್ಟರ್ ಸೇರಬೇಕು. ಆಯಸ್ಕಾಂತದ ರೋಟರನ್ನು ಬೆರಳು ಜಜ್ಜಿಕೊಳ್ಳದೆ ಹೊರಗೆಳೆಯುವ ಸಾಧನ ಸೇರಬೇಕು. 400, 800 ವೋಲ್ಟಿನ ಡಿ.ಸಿ. ಬ್ಯಾಟರಿಯನ್ನು ಮೊದಲು ಬೇರ್ಪಡಿಸಿ ಆಮೇಲೆ ಕೈ ಹಾಕುವ ಶಿಸ್ತು ಸೇರಬೇಕು. ತಾಮ್ರದ ಬಣ್ಣ ನೋಡಿ ಕಾರಣ ಹೇಳುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ, ಅದು ಆ ಅಂಗಡಿಗಳಲ್ಲಿ ಆಗಲೇ ಇದೆ.